ಕರುಣೆಯಿಂದ ಮುದಿತೆಗೆ ಹೊರಳುವ ದಿನ

ಬ್ರಹ್ಮವಿಹಾರ ಎಂಬ ಬೌದ್ಧ ಧ್ಯಾನದ ಶಿಬಿರದಲ್ಲಿ ಮೊದಲ ದಿನಗಳು ಸಾಮಾನ್ಯವಾಗಿ ಮೈತ್ರಿಗೆ, ಅಂದರೆ ಒಳಿತನ್ನು ಹಾರೈಸುವ ಅಭ್ಯಾಸಕ್ಕೆ, ಮೀಸಲು. ಮನಸ್ಸು ಒಂದಿಷ್ಟು ಹದಕ್ಕೆ ಬಂದ ಮೇಲೆ ಕರುಣೆ, ಅದರ ಬೆನ್ನಿಗೆ ಮುದಿತೆ, ಅಂದರೆ ಇತರರ ಸಂತೋಷಕ್ಕೆ ತಾನೂ ಸಂತೋಷಪಡುವುದು. ಇತರರ ನೋವಿನ ಎದುರು ಕೂತಿದ್ದ ಮನಸ್ಸನ್ನು ಇತರರ ಸಂತೋಷದ ಕಡೆಗೆ ತಿರುಗಿಸುವ ಆ ಒಂದು ದಿನ ಇಡೀ ಶಿಬಿರದಲ್ಲೇ ಕಷ್ಟದ್ದು. ಆ ದಿನ ಕೆಟ್ಟರೆ, ಬಹುತೇಕ ಸಲ ಕಾರಣ ಒಂದೇ: ಧ್ಯಾನಕ್ಕೆ ಆರಿಸಿಕೊಂಡ ವ್ಯಕ್ತಿ ಸರಿಯಿಲ್ಲ.

ಬೆಳಗಿನ ಗಂಟೆ 4.30ರ ಹೊತ್ತಿಗೆ ಬಾರಿಸುತ್ತದೆ. ಮೌನ ಹಿಂದಿನ ದಿನಗಳಿಂದಲೇ ಜಾರಿಯಲ್ಲಿದೆ, ಫೋನ್ ಕಚೇರಿಯಲ್ಲಿದೆ. ಮೊದಲ ಕೂತ, ಅಂದರೆ ಕೂತು ಮಾಡುವ ಧ್ಯಾನದ ಸರದಿ, 45 ನಿಮಿಷ. ಅದರಲ್ಲಿ ಮೊದಲ 10 ನಿಮಿಷ ಬರೀ ಉಸಿರು, ಮುಂದಿನ 10 ನಿಮಿಷ ಮೈತ್ರಿ, ಆಮೇಲೇ ಕರುಣೆ. ಈ ಮೆಟ್ಟಿಲುಗಳನ್ನು ಹಾರಿ ನೇರವಾಗಿ ನೋವಿಗೆ ಕೈಹಾಕಿದವರು ಅರ್ಧ ಗಂಟೆಯೊಳಗೆ ಬಸವಳಿಯುತ್ತಾರೆ. ನಿದ್ದೆ ತೂಗಿದರೆ ಕಣ್ಣು ತೆರೆಯಬೇಕು, ಅದಕ್ಕೂ ಬಗ್ಗದಿದ್ದರೆ ಎದ್ದು ನಿಂತೇ ಮುಂದುವರಿಸಬೇಕು. ಇದಕ್ಕೆ ಯಾರ ಅನುಮತಿಯೂ ಬೇಕಿಲ್ಲ.

ಕರುಣೆಗೆ ಯಾರನ್ನು ಮೊದಲು ತೆಗೆದುಕೊಳ್ಳಬೇಕು? ಐದನೆಯ ಶತಮಾನದಲ್ಲಿ ಶ್ರೀಲಂಕೆಯ ಅನುರಾಧಪುರದಲ್ಲಿ ಬೌದ್ಧ ವಿದ್ವಾಂಸ ಬುದ್ಧಘೋಷ ರಚಿಸಿದ ಧ್ಯಾನಗ್ರಂಥ ‘ವಿಸುದ್ಧಿಮಗ್ಗ’ ಇದರ ಕ್ರಮವನ್ನು ಸ್ಪಷ್ಟವಾಗಿ ಹೇಳುತ್ತದೆ. ಮೈತ್ರಿ ತನ್ನಿಂದಲೇ ಆರಂಭ. ಕರುಣೆ ಆರಂಭವಾಗುವುದು ಕಣ್ಣಿಗೆ ಕಾಣುವಂತೆ ಸಂಕಟದಲ್ಲಿರುವ ಒಬ್ಬರಿಂದ. ಪ್ರೀತಿಪಾತ್ರರು, ಪರಿಚಯವಿದ್ದೂ ಒಲವು ಹಗೆ ಎರಡೂ ಇಲ್ಲದವರು, ವೈರಿ ಎಲ್ಲರೂ ಆಮೇಲೆ. ತೀರಿಕೊಂಡವರನ್ನು ಯಾವ ಹಂತದಲ್ಲೂ ತೆಗೆದುಕೊಳ್ಳುವಂತಿಲ್ಲ. ಈ ಕೊನೆಯ ನಿಯಮ ಕೆಲವರಿಗೆ ನಿರ್ದಯವೆನಿಸುತ್ತದೆ. ಆದರೆ ಅಗಲಿದವರನ್ನು ನೆನೆದು ಕೂತಾಗ ಏಳುವುದು ಹೆಚ್ಚಾಗಿ ಅಗಲಿಕೆಯ ದುಃಖ, ಮನಸ್ಸು ನೆಲೆಗೊಳ್ಳುವುದೇ ಇಲ್ಲ.

ಹೊಸಬರು ಮಾಡುವುದು ಇದಕ್ಕೆ ತೀರಾ ತಿರುಗುಮುರುಗು. ಆಸ್ಪತ್ರೆಯಲ್ಲಿರುವ ತಾಯಿಯನ್ನೋ ವಿಚ್ಛೇದನದಲ್ಲಿ ನಲುಗುತ್ತಿರುವ ತಂಗಿಯನ್ನೋ ಮೊದಲಿಗೇ ಎದುರು ಕೂರಿಸಿಕೊಳ್ಳುತ್ತಾರೆ. ಅಲ್ಲಿ ಪ್ರೀತಿ ಇದೆ, ಜೊತೆಗೆ ಭಯ, ಅಪರಾಧಿ ಭಾವ, ಬಾಕಿ ಉಳಿದ ಮಾತು ಎಲ್ಲವೂ ಇವೆ. ನೋವು ಗೊತ್ತಿದ್ದೂ ಸಂಬಂಧದ ಸಿಕ್ಕು ಇಲ್ಲದವರು ಇದಕ್ಕೆ ಒಳ್ಳೆಯ ಆಯ್ಕೆ: ಗಾಯಗೊಂಡ ಪ್ರಾಣಿಯೂ ಆದೀತು, ಕಾಯಿಲೆಯ ನೆರೆಯವರೂ ಆದೀತು.

ಮಾಡುವ ಬಗೆ ಹೀಗೆ. ಆ ವ್ಯಕ್ತಿಯ ಮುಖವನ್ನಷ್ಟೇ ನೆನಪಿಗೆ ತಂದುಕೊಳ್ಳುವುದು. ಹಾಸಿಗೆ, ನಳಿಕೆ, ಔಷಧಿಯ ವಾಸನೆ ಏನೂ ಬೇಡ. ವಿವರ ಹೆಚ್ಚಿದಷ್ಟೂ ಮನಸ್ಸು ಕತೆ ಕಟ್ಟುತ್ತದೆ. ಉಸಿರು ಹೊರಹೋಗುವಾಗ ಒಂದೇ ವಾಕ್ಯ: “ಈ ನೋವು ನಿನ್ನನ್ನು ಬಿಟ್ಟುಹೋಗಲಿ.” ಆಮೇಲೆ ಎರಡು ಉಸಿರು ಏನೂ ಹೇಳದೆ ಎದೆಯ ನಡುಭಾಗದಲ್ಲಿ ಗಮನ. ಮತ್ತೆ ಅದೇ ವಾಕ್ಯ. ಇದಕ್ಕಿಂತ ಬೇಗ ಹೇಳಿದರೆ ಮಾತು ಬರೀ ಸದ್ದಾಗುತ್ತದೆ, ತುಂಬ ತಡೆದರೆ ಆ ಸಂದಿನಲ್ಲಿ ಯೋಚನೆ ನುಗ್ಗುತ್ತದೆ. ಮುಖ ಮಸುಕಾದರೆ ಹೆಸರನ್ನು ಒಮ್ಮೆ ನೆನೆದರೆ ಸಾಕು. ಭಾವನೆ ಉಕ್ಕಿತೇ ಎಂದು ಪದೇ ಪದೇ ಒಳಗೆ ಇಣುಕಿ ನೋಡಬಾರದು. ಹಾರೈಕೆ ನಿಜವಾಗಿದ್ದರೆ ಎದೆ ಒಣಗಿದ್ದರೂ ಅಭ್ಯಾಸ ನಡೆಯುತ್ತಿದೆ ಎಂದೇ ಅರ್ಥ.

ಕರುಣೆಗೆ ದೂರದ ಶತ್ರು, ಅಂದರೆ ಅದಕ್ಕೆ ನೇರ ವಿರುದ್ಧವಾದ ಭಾವ, ಹಿಂಸೆ. ಅದನ್ನು ಯಾರು ಬೇಕಾದರೂ ಗುರುತಿಸಬಲ್ಲರು. ಮೋಸ ಮಾಡುವುದು ಕರುಣೆಯಂತೆಯೇ ಕಾಣುವ ಹತ್ತಿರದ ಶತ್ರು, ಶೋಕ. ಹುಬ್ಬು ಗಂಟಿಕ್ಕುತ್ತದೆ, ಗಂಟಲು ಬಿಗಿಯುತ್ತದೆ, ಉಸಿರು ಅರ್ಧಕ್ಕೇ ನಿಲ್ಲುತ್ತದೆ. ‘ನಾನು ಆವತ್ತೇ ಹೋಗಿದ್ದರೆ’ ಎಂಬ ಮಾತು ತಲೆಯೆತ್ತುತ್ತದೆ. ಹಾರೈಕೆಯ ನಡುವೆ ‘ನಾನು’ ಬಂದು ಕೂತಿತೆಂದರೆ ಅದು ಶೋಕವೇ. ಆಗ ಕಣ್ಣು ತೆರೆದು, ಪಾದ ನೆಲಕ್ಕೆ ತಾಗಿರುವುದನ್ನು ಗಮನಿಸಿ, 5 ನಿಮಿಷ ಅದೇ ವ್ಯಕ್ತಿಗೆ ಮೈತ್ರಿ ಮಾಡಬೇಕು. ಸಭಾಂಗಣದಲ್ಲಿ ಹಲವರು ಅಳುತ್ತಾರೆ, ಅಳಲಿ. ಆದರೆ ಕಣ್ಣೀರನ್ನು ಸಾಧನೆಯ ಗುರುತೆಂದು ಹೊಗಳುವ ಶಿಬಿರವನ್ನು ನಾನು ಯಾರಿಗೂ ಸೂಚಿಸಲಾರೆ. ವಿಜ್ಞಾನಿಗಳಾದ ಟಾನಿಯಾ ಸಿಂಗರ್ ಮತ್ತು ಓಲ್ಗಾ ಕ್ಲಿಮೆಕಿ ಅವರ ಮಿದುಳಿನ ಅಧ್ಯಯನಗಳಲ್ಲೂ ಕಂಡದ್ದು ನೋವಿನಲ್ಲಿ ಮುಳುಗುವುದಕ್ಕೂ ಕರುಣೆಗೂ ಇರುವ ಇದೇ ವ್ಯತ್ಯಾಸ. ಇತರರ ನೋವನ್ನು ತಾನೂ ಅನುಭವಿಸುವ ತರಬೇತಿ ಪಡೆದವರಲ್ಲಿ ಬೇಗುದಿ ಹೆಚ್ಚಿತು; ಆಮೇಲೆ ಅವರಿಗೇ ಕರುಣೆಯ ತರಬೇತಿ ಕೊಟ್ಟಾಗ ಅದು ಇಳಿದು ಒಳ್ಳೆಯ ಭಾವ ಏರಿತು.

ಕೂತ ಮುಗಿದ ಮೇಲೆ ನಡಿಗೆ ಧ್ಯಾನ, 20 ಹೆಜ್ಜೆ ಆಚೆ, 20 ಹೆಜ್ಜೆ ಈಚೆ. ಮನಸ್ಸು ಭಾರವಾಗಿದ್ದರೆ ನಿಧಾನ ನಡಿಗೆ ಬೇಡ, ಚುರುಕಾಗಿಯೇ ನಡೆಯಿರಿ.

ಅಷ್ಟಶೀಲ ಎಂಬ ಎಂಟು ಬೌದ್ಧ ನಿಯಮಗಳನ್ನು ಪಾಲಿಸುವ ಶಿಬಿರದಲ್ಲಿ ಊಟ ನಡುಹಗಲಿಗೆ ಮುಂಚೆ ಮುಗಿಯಬೇಕು. ಊಟವಾದ ತಕ್ಷಣ ಮುದಿತೆ ಶುರುಮಾಡುವುದು ತಪ್ಪು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ತೂಕಡಿಕೆಯಲ್ಲಿ ಹೇಳುವ “ನಿನ್ನ ಸಂತೋಷ ಕುಂದದಿರಲಿ” ಎಂಬ ಮಾತು ಮನಸ್ಸಿಗೆ ಇಳಿಯುವುದಿಲ್ಲ. ಒಂದು ಗಂಟೆ ವಿಶ್ರಾಂತಿ, ಒಂದು ಸುತ್ತು ನಡಿಗೆ, ಆಮೇಲೆ ಮುದಿತೆ.

ಇಲ್ಲಿ ಆಯ್ಕೆಯ ನಿಯಮ ಮತ್ತೆ ಬದಲಾಗುತ್ತದೆ. ಮೊದಲು ಬರಬೇಕಾದವರು ಸದಾ ನಗುನಗುತ್ತಿರುವ ಆಪ್ತ ಗೆಳೆಯರು, ಮೊದಲು ನಕ್ಕು ಆಮೇಲೆ ಮಾತಾಡುವಂಥವರು. ಆ ಗೆಳೆಯ ಈಗ ಕಷ್ಟದಲ್ಲಿದ್ದರೆ ಅವನ ಹಿಂದಿನ ಸಂತೋಷವನ್ನು ನೆನೆಯಬಹುದು. ಮಕ್ಕಳನ್ನು ಆರಿಸಿಕೊಳ್ಳುವವರು ಬಹಳ. ಅಲ್ಲಿ ‘ನನ್ನ ಮಗಳು’ ಎಂಬ ಹೆಮ್ಮೆ ಜೊತೆಗೇ ಬರುತ್ತದೆ, ಮುದಿತೆಯ ಹತ್ತಿರದ ಶತ್ರು ಅದೇ: ತನ್ನದೆಂಬ ಕಾರಣಕ್ಕೆ ಉಬ್ಬುವ ಹಿಗ್ಗು. ಇನ್ನೊಂದು ಎಚ್ಚರ, ನಿಮಗೆ ಬೇಕಾಗಿದ್ದು ಸಿಗದೇ ಹೋದ ವಸ್ತುವನ್ನು ಪಡೆದವರನ್ನು ಮೊದಲ ದಿನ ಮುಟ್ಟಬೇಡಿ. ಕೆಲಸ ಹುಡುಕುತ್ತಿರುವವರು ಗೆಳೆಯನ ಬಡ್ತಿಯನ್ನು ನೆನೆಯಬಾರದು, ಅವನು ಈಜುವಾಗ ಪಡುವ ಖುಷಿಯನ್ನು ನೆನೆಯಲಿ. ಸಂತೋಷ ಸಣ್ಣದಿದ್ದಷ್ಟೂ ಆರಂಭಕ್ಕೆ ಅನುಕೂಲ.

ಇಷ್ಟಾದರೂ ಬಹಳ ಮಂದಿಗೆ ಏನೂ ಅನ್ನಿಸುವುದಿಲ್ಲ. ಬೆಳಗ್ಗೆ ಕಣ್ಣೀರು ಸುರಿಸಿದವರೇ ಮಧ್ಯಾಹ್ನ ಕಲ್ಲಿನಂತೆ ಕೂತಿರುತ್ತಾರೆ. ಇದು ಸೋಲಲ್ಲ. ನೋವಿಗೆ ಮಿಡಿಯುವುದು ನಮಗೆ ಚಿಕ್ಕಂದಿನಿಂದ ರೂಢಿ, ಇತರರ ನಲಿವಿಗೆ ಮಿಡಿಯುವ ಪಾಠ ಅಷ್ಟಾಗಿ ಸಿಕ್ಕಿಲ್ಲ. ಅದಕ್ಕೇ ಮುದಿತೆಗೆ ಕರುಣೆಗಿಂತ ಹೆಚ್ಚು ಹೊತ್ತು ಕೊಡಬೇಕು. ಹೆಚ್ಚಿನ ವೇಳಾಪಟ್ಟಿಗಳು ಇದರ ತದ್ವಿರುದ್ಧ. ಅಸೂಯೆ ಎದ್ದರೆ ಅದನ್ನು ‘ಅಸೂಯೆ’ ಎಂದೇ ಮನಸ್ಸಿನಲ್ಲಿ ಹೇಳಿ, ದವಡೆ, ಹೊಟ್ಟೆ ಎಲ್ಲಿ ಬಿಗಿದಿದೆ ನೋಡಿ. ಅದೂ ಒಂದು ನೋವೇ. ನಾಲ್ಕಾರು ಉಸಿರು ತನ್ನ ಮೇಲೇ ಕರುಣೆ ಇಟ್ಟು, ಮರಳಿ ಮೊದಲ ಗೆಳೆಯನ ಬಳಿಗೆ ಬರಬೇಕು. ಅಸೂಯೆ ಹುಟ್ಟಿಸಿದವರ ಜೊತೆ ಆವತ್ತೇ ಸೆಣಸಬಾರದು.

ಸಂಜೆ ಆಚಾರ್ಯರ ಭೇಟಿಗೆ ಸಿಗುವುದು ಸುಮಾರು 10 ನಿಮಿಷ. ಯಾರನ್ನು ಆರಿಸಿಕೊಂಡಿರಿ, ಎಷ್ಟು ಹೊತ್ತು ನಿಂತಿತು, ಎಲ್ಲಿ ಮುರಿಯಿತು, ಈ ಮೂರನ್ನು ಹೇಳಿದರೆ ಅವರು ದಾರಿ ತೋರಿಸಬಲ್ಲರು. ಬದುಕಿನ ಕತೆ ಹೇಳಹೊರಟರೆ ಸಮಯ ಅಲ್ಲಿಗೇ ಮುಗಿಯುತ್ತದೆ. ಇತ್ತೀಚೆಗೆ ಆಪ್ತರನ್ನು ಕಳೆದುಕೊಂಡವರು, ಖಿನ್ನತೆಗೆ ಚಿಕಿತ್ಸೆ ಪಡೆಯುತ್ತಿರುವವರು ಇದನ್ನು ಶಿಬಿರಕ್ಕೆ ಸೇರುವಾಗಲೇ ತಿಳಿಸಬೇಕು, ಮಾತ್ರೆ ನಿಲ್ಲಿಸಬಾರದು. ಅವರಿಗೆ ಕರುಣೆಯ ಕೂತಗಳನ್ನು ಮೊಟಕು ಮಾಡಿ ಮೈತ್ರಿಯನ್ನು ಹೆಚ್ಚಿಸುವುದು ಕ್ಷೇಮ.

ರಾತ್ರಿಯ ಕೊನೆಯ ಕೂತದಲ್ಲಿ ಹೊಸದೇನೂ ಬೇಡ, 20 ನಿಮಿಷ ಬರೀ ಮೈತ್ರಿ. ಮುದಿತೆಗೆ ಆರಿಸಿಕೊಂಡ ಗೆಳೆಯನನ್ನು ಮರುದಿನವೂ ಬದಲಿಸಬೇಡಿ. ಸಪ್ಪೆ ಎನಿಸಿದ ತಕ್ಷಣ ಇನ್ನೊಬ್ಬರನ್ನು ಹುಡುಕಿದರೆ ಮನಸ್ಸು ಆಯ್ಕೆಯಲ್ಲೇ ಕಾಲ ಕಳೆಯುತ್ತದೆ. ಎರಡು ಪೂರ್ಣ ದಿನ ಅದೇ ಮುಖ, ಅದೇ ವಾಕ್ಯ ಇಟ್ಟುಕೊಂಡು ನೋಡಿ, ಆಮೇಲೆ ಮುಂದಿನವರ ಬಗ್ಗೆ ಆಚಾರ್ಯರನ್ನು ಕೇಳಿ.