ಬಿಲ್ಲಿಗೇ ಕಟ್ಟಿದ ಬತ್ತಳಿಕೆ

ಬಾಣಗಳನ್ನು ಎಲ್ಲಿ ಇಟ್ಟುಕೊಳ್ಳಬೇಕು ಎಂಬ ಪ್ರಶ್ನೆ ಸಮತಟ್ಟಾದ ಮೈದಾನದಲ್ಲಿ ನಿಂತು ಬಾಣ ಬಿಡುವವರನ್ನು ಅಷ್ಟಾಗಿ ಕಾಡುವುದಿಲ್ಲ. ಸೊಂಟಕ್ಕೊಂದು ಬತ್ತಳಿಕೆಯಿದ್ದರೆ ಅವರ ಕೆಲಸ ಸಾಗುತ್ತದೆ. ಪುಣೆಯಲ್ಲಿ ನೆಲೆಸಿರುವ ನಾವು ಕೆಲವರು ಕನ್ನಡಿಗರು ಬಿಡುವಿನ ಭಾನುವಾರಗಳಲ್ಲಿ ಅಭ್ಯಾಸ ಮಾಡುವ ಜಾಗ ಅಂಥದ್ದಲ್ಲ. ಮುಳಶಿ ತಾಲ್ಲೂಕಿನಲ್ಲಿ ಸ್ನೇಹಿತರೊಬ್ಬರಿಗೆ ಬೇಲಿ ಹಾಕಿದ ಜಮೀನಿದ್ದು, ಅದರ ಇಳಿಜಾರಿನ ಉದ್ದಕ್ಕೂ ಫೋಮಿನ ಹಂದಿ, ಜಿಂಕೆಗಳನ್ನು ನಿಲ್ಲಿಸಿ, ಒಂದು ಗುರಿಯಿಂದ ಮತ್ತೊಂದಕ್ಕೆ ನಡೆಯುತ್ತ ಬಾಣ ಬಿಡುತ್ತೇವೆ. ಅಲ್ಲಿ ಲಂಟಾನದ ಪೊದೆಗಳಿವೆ, ಇಲ್ಲಿನವರು ಕರವಂದ ಎಂದು ಕರೆಯುವ ಮುಳ್ಳಿನ ಕವಳಿ ಗಿಡಗಳಿವೆ, ಜಾರುವ ಕೆಂಪು ಜಲ್ಲಿಯಿದೆ. ಬೆನ್ನಿನ ಬತ್ತಳಿಕೆ ಕಟ್ಟಿಕೊಂಡು ಬಂದವರ ಬಾಣಗಳ ಗರಿ ತಲೆಯ ಮೇಲಿನ ಕೊಂಬೆಗೆ ಸಿಕ್ಕಿಕೊಳ್ಳುತ್ತದೆ, ಬೇಲಿ ನುಸುಳಲು ಬಗ್ಗಿದರೆ ಬಾಣಗಳು ಮುಂದಕ್ಕೆ ಜಾರುತ್ತವೆ. ಸೊಂಟದ ಬತ್ತಳಿಕೆಯಾದರೋ ಇಳಿಯುವಾಗ ತೊಡೆಗೆ ಬಡಿಯುತ್ತ, ಪೊದೆಯನ್ನೆಲ್ಲ ಸವರುತ್ತ ಬರುತ್ತದೆ. ಆದ್ದರಿಂದಲೇ ನಾನು ಬಾಣಗಳನ್ನು ಬಿಲ್ಲಿನ ಮೇಲೆಯೇ ಹೊರುವ ಬತ್ತಳಿಕೆಗೆ, ಬಿಲ್ಲುಗಾರರು ಬೋ ಕ್ವಿವರ್ ಎನ್ನುವ ಸಾಧನಕ್ಕೆ, ಒಲಿದೆ. ಅದರ ಬಗ್ಗೆ ಕನ್ನಡದಲ್ಲಿ ವಿವರವಾಗಿ ಬರೆದದ್ದು ನನ್ನ ಕಣ್ಣಿಗೆ ಬೀಳದ ಕಾರಣ ಇಷ್ಟು ಬರೆಯುತ್ತಿದ್ದೇನೆ.

ಮೊದಲು ಅದರ ಸ್ವರೂಪವನ್ನು ಹೇಳುತ್ತೇನೆ. ಮೇಲ್ಭಾಗದಲ್ಲಿ ಬೋಗುಣಿಯನ್ನು ಕವುಚಿದಂತಿರುವ ಒಂದು ಗಟ್ಟಿ ಟೊಪ್ಪಿಗೆ, ಅದರೊಳಗೆ ದಪ್ಪ ಫೋಮ್. ಬಾಣದ ಮೊನೆಗಳು ಮೇಲ್ಮುಖವಾಗಿ ಅದರಲ್ಲಿ ಹೂತಿರುತ್ತವೆ. ಕೆಳಭಾಗದಲ್ಲಿ ರಬ್ಬರಿನ ಒಂದು ಪಟ್ಟಿ, ಅದರ ಅಂಚಿನಲ್ಲಿ ಸಾಲಾಗಿ ಸೀಳಿದ ಬಾಯಿಗಳು. ಒಂದೊಂದು ಬಾಯಿಯೂ ಒಂದೊಂದು ಬಾಣದ ಕಡ್ಡಿಯನ್ನು ಕಚ್ಚಿ ಹಿಡಿಯುತ್ತದೆ. ಗರಿಗಳು ಆ ಪಟ್ಟಿಗಿಂತ ಕೆಳಗೆ, ಬಿಲ್ಲಿನ ಕೆಳತೋಳಿನ (ಹಿಡಿಕೆಯ ಕೆಳಗಿನ ಬಾಗುವ ಭಾಗದ) ಪಕ್ಕದಲ್ಲಿ, ಬಯಲಿಗೆ ತೆರೆದುಕೊಂಡಿರುತ್ತವೆ. ಬಲಗೈಯಿಂದ ನಾಣು ಎಳೆಯುವವರ ಬಿಲ್ಲಿನಲ್ಲಿ ಬಾಣ ಕೂರುವುದು ಎಡಮಗ್ಗುಲಿಗೆ. ಹಾಗಾಗಿ ಬತ್ತಳಿಕೆಗೆ ಬಲಮಗ್ಗುಲು. ಕೆಲವು ಬತ್ತಳಿಕೆಗಳನ್ನು ಹಿಡಿಕೆಗೆ ತಿರುಪಿನಿಂದ ಬಿಗಿಯುತ್ತಾರೆ. ಕೆಲವಕ್ಕೆ ರಬ್ಬರಿನ ಕುಣಿಕೆಗಳಿದ್ದು, ನಾಣು ಇಳಿಸಿದ ಬಿಲ್ಲಿನ ತುದಿಯಿಂದ ತೋಳಿನ ಮೇಲೆ ಜಾರಿಸಿ ಕೂರಿಸಬೇಕಾಗುತ್ತದೆ. ಇನ್ನು ಕೆಲವಕ್ಕೆ ಪಟ್ಟಿಯಿದ್ದು, ನಾಣು ಏರಿಸಿದ ಬಿಲ್ಲಿಗೂ ಕಟ್ಟಬಹುದು. ಟೊಪ್ಪಿಗೆಯೂ ರಬ್ಬರಿನ ಪಟ್ಟಿಯೂ ಬೇರೆ ಬೇರೆಯಾಗಿದ್ದು ಬಿಲ್ಲಿಗೆ ಒತ್ತಿಕೊಂಡು ಕೂರುವ ಎರಡು ತುಂಡಿನ ಬಗೆ ನನಗೆ ಹೆಚ್ಚು ಇಷ್ಟ. ಕಾರಣವನ್ನು ಮುಂದೆ ಹೇಳುತ್ತೇನೆ.

ನಮ್ಮ ಕಣ್ಣಿಗೆ ಒಗ್ಗಿರುವುದು ಬೆನ್ನಿನ ಬತ್ತಳಿಕೆ. ಕ್ಯಾಲೆಂಡರಿನ ಶ್ರೀರಾಮನಿಂದ ಹಳೇಬೀಡಿನ ಗೋಡೆಯ ಯುದ್ಧದೃಶ್ಯಗಳವರೆಗೆ ನಮ್ಮ ಮನಸ್ಸಿನ ಬಿಲ್ಲುಗಾರನ ಭುಜದ ಹಿಂದಿನಿಂದ ಬಾಣಗಳು ಇಣುಕುತ್ತವೆ. ಆದ್ದರಿಂದ ಬಿಲ್ಲಿಗೆ ಕಟ್ಟಿದ ಬತ್ತಳಿಕೆಯನ್ನು ಕಂಡ ಕೂಡಲೇ ಇದು ಸಂಪ್ರದಾಯವಲ್ಲ ಎನ್ನುವವರು ನಮ್ಮಲ್ಲೂ ಇದ್ದಾರೆ. ಈಗಿನ ರೂಪ ಇಪ್ಪತ್ತನೆಯ ಶತಮಾನದ ಅಮೆರಿಕದ ಬಿಲ್ಲುಬೇಟೆಗಾರರಿಂದ ಬಳಕೆಗೆ ಬಂದದ್ದು ಎಂಬುದು ನಿಜ. ಮಿಶಿಗನ್ನಿನಲ್ಲಿ ಬಿಲ್ಲು ತಯಾರಿಕೆಯ ದೊಡ್ಡ ಕಂಪನಿಯನ್ನು ಕಟ್ಟಿದ ಫ್ರೆಡ್ ಬೇರ್ (1902–1988) ಅವರ ಬೇಟೆಯ ಚಿತ್ರಗಳನ್ನು ನೋಡಿದವರಿಗೆ ತುದಿಗಳು ಮುಂದಕ್ಕೆ ಬಾಗಿದ ರಿಕರ್ವ್ ಬಿಲ್ಲಿನ ಮಗ್ಗುಲಲ್ಲಿ ಸಾಲಾಗಿ ನಿಂತ ಬಾಣಗಳು ನೆನಪಿರುತ್ತವೆ. ಆದರೆ ಬಾಣವೂ ಬಿಲ್ಲೂ ಒಂದೇ ಕಡೆ ಇರಬೇಕು ಎಂಬ ಆಲೋಚನೆ ಅದಕ್ಕಿಂತ ಬಹಳ ಹಳೆಯದು. ಎರಡು ಸಾವಿರ ವರ್ಷಕ್ಕೂ ಹಿಂದೆ ಯುರೇಷ್ಯದ ಹುಲ್ಲುಗಾವಲುಗಳಲ್ಲಿದ್ದ ಸಿಥಿಯನ್ ಕುದುರೆಸವಾರರು ಬಿಲ್ಲನ್ನೂ ಬಾಣಗಳನ್ನೂ ಗೋರಿಟಾಸ್ ಎಂಬ ಒಂದೇ ಚೀಲದಲ್ಲಿ ಎಡಸೊಂಟಕ್ಕೆ ಕಟ್ಟಿಕೊಳ್ಳುತ್ತಿದ್ದರು. ಕುದುರೆಯ ಮೇಲಿನ ಬಿಲ್ಲುಗಾರಿಕೆಯನ್ನು ನಮ್ಮ ಕಾಲದಲ್ಲಿ ಮತ್ತೆ ಬೆಳೆಸಿದ ಹಂಗೇರಿಯ ಲಾಯೋಶ್ ಕಶ್ಶೈ ಅವರ ಪದ್ಧತಿಯಲ್ಲಿ ಸವಾರನು ಬಿಲ್ಲು ಹಿಡಿದ ಕೈಯಲ್ಲಿಯೇ ಬಾಣಗಳ ಕಟ್ಟನ್ನೂ ಹಿಡಿದಿರುತ್ತಾನೆ. ಬೇಕಾದ ಬಾಣ ನಾಣಿನ ಹತ್ತಿರವೇ ಸಿಗಬೇಕು, ಕೈ ದೂರ ಹೋಗಬಾರದು ಎಂಬ ಅದೇ ಅಗತ್ಯವನ್ನು ಈ ಟೊಪ್ಪಿಗೆ ಮತ್ತು ರಬ್ಬರಿನ ಪಟ್ಟಿ ಪೂರೈಸುತ್ತವೆ. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯನ್ನು ನಿಷೇಧಿಸಿದೆ, ಅದು ಸರಿಯಾದದ್ದು. ನಾವು ಬಿಡುವುದು ಫೋಮಿನ ಗುರಿಗಳಿಗೆ, ಅಲಗಿಲ್ಲದ ಸಾದಾ ಮೊನೆಯ ಬಾಣಗಳನ್ನು. ಬೇಟೆಗಾರರು ಬಳಸುವ ಅಲಗಿನ ಮೊನೆಗೆ ನಮ್ಮ ಟೊಪ್ಪಿಗೆಯಲ್ಲಿ ಜಾಗವಿಲ್ಲ.

ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಇದು: ಬಿಲ್ಲಿಗೆ ಕಟ್ಟಿದ ಮರುಕ್ಷಣದಿಂದ ಬತ್ತಳಿಕೆ ಬರಿಯ ಚೀಲವಾಗಿ ಉಳಿಯುವುದಿಲ್ಲ, ಅದು ಬಿಲ್ಲಿನ ಒಂದು ಅಂಗವಾಗುತ್ತದೆ, ಆದ್ದರಿಂದ ಬಿಲ್ಲನ್ನು ಹೊಂದಿಸುವುದೂ ಅಭ್ಯಾಸ ಮಾಡುವುದೂ ಅದರ ಸಮೇತವೇ ಆಗಬೇಕು. ಒಂದು ದಿನ ಕಟ್ಟಿಕೊಂಡು, ಮರುದಿನ ಬಿಚ್ಚಿಟ್ಟು ಬಾಣ ಬಿಡುವವರು ಎರಡು ಬೇರೆ ಬೇರೆ ಬಿಲ್ಲುಗಳನ್ನು ಬಳಸುತ್ತಿರುತ್ತಾರೆ.

ಲೆಕ್ಕವನ್ನು ನೋಡೋಣ. ಬಾಣದ ತೂಕವನ್ನು ಗ್ರೇನ್‌ಗಳಲ್ಲಿ ಅಳೆಯುವುದು ರೂಢಿ; 500 ಗ್ರೇನಿನ ಬಾಣವೆಂದರೆ ಸುಮಾರು 32 ಗ್ರಾಂ. ಅಂಥ ಆರು ಬಾಣಗಳು ಸೇರಿದರೆ ಹತ್ತಿರಹತ್ತಿರ 200 ಗ್ರಾಂ ಆಗುತ್ತದೆ. ಬತ್ತಳಿಕೆಯ ಸ್ವಂತ ತೂಕವೂ ಅಷ್ಟೇ ಇದ್ದರೆ ಒಟ್ಟು 400 ಗ್ರಾಂ. ಲೋಹದ ಹಿಡಿಕೆಯ, ಕಿಲೋಗ್ರಾಂ ದಾಟಿದ ರಿಕರ್ವ್‌ಗೆ ಇದು ದೊಡ್ಡ ಹೊರೆಯಲ್ಲ; 600 ಗ್ರಾಂ ತೂಗುವ ಮರದ ಉದ್ದಬಿಲ್ಲಿಗೆ, ಅಂದರೆ ಲಾಂಗ್‌ಬೋಗೆ ಮಾತ್ರ ಇದು ಅದರದೇ ತೂಕದ ಮೂರನೆಯ ಎರಡು ಭಾಗ. ಈ ಭಾರ ಬಿಲ್ಲಿನ ನಡುಗೆರೆಯ ಮೇಲಲ್ಲ, ಬಲಕ್ಕೆ ಸರಿದು ಕೂತಿದೆ ಎಂಬುದು ಇನ್ನೂ ಮುಖ್ಯ. ಭಾರಕೇಂದ್ರ ನಡುಗೆರೆಯಿಂದ 6 ಸೆಂಟಿಮೀಟರ್ ದೂರವಿದ್ದರೆ ಅದು ಬಿಲ್ಲನ್ನು ಬಲಕ್ಕೆ ವಾಲಿಸಲು ಎಷ್ಟು ಜಗ್ಗುತ್ತದೆಯೋ, 3 ಸೆಂಟಿಮೀಟರಿಗೆ ಬಂದಾಗ ಅದರ ಅರ್ಧದಷ್ಟು ಮಾತ್ರ ಜಗ್ಗುತ್ತದೆ. ಎರಡು ತುಂಡಿನ, ಒತ್ತಿ ಕೂರುವ ಬತ್ತಳಿಕೆಯನ್ನು ನಾನು ಆರಿಸಿಕೊಂಡದ್ದು ಇದೇ ಕಾರಣಕ್ಕೆ. ಮೊನೆಗಳೂ ಗಟ್ಟಿ ಟೊಪ್ಪಿಗೆಯೂ ಮೇಲ್ಭಾಗದಲ್ಲಿರುವುದರಿಂದ ಭಾರ ಹಿಡಿಕೆಗಿಂತ ಮೇಲಕ್ಕೂ ಏರಿರುತ್ತದೆ ಎಂಬುದನ್ನು ಮರೆಯಬಾರದು.

ಹೀಗೆ ಬಲಕ್ಕೆ ಜಗ್ಗುವುದು ದೋಷವೇ ಎಂದರೆ, ನಮ್ಮ ಬಗೆಯ ಬಿಲ್ಲುಗಾರಿಕೆಯಲ್ಲಿ ಅಷ್ಟು ಸಲೀಸಾಗಿ ಹಾಗೆನ್ನಲಾಗದು. ಸಾಂಪ್ರದಾಯಿಕ ಬಿಲ್ಲನ್ನು ಹಿಡಿಯುವ ಬಲಗೈ ಬಿಲ್ಲುಗಾರರಲ್ಲಿ ಬಹುತೇಕರು ಅದನ್ನು ನೆಟ್ಟಗೆ ನಿಲ್ಲಿಸದೆ ಮೇಲ್ತುದಿಯನ್ನು ಬಲಕ್ಕೆ ಸ್ವಲ್ಪ ವಾಲಿಸುತ್ತಾರೆ. ಹಾಗೆ ವಾಲಿಸಿದರೆ ಬಾಣ ತಟ್ಟಿನ (ಹಿಡಿಕೆಯ ಮೇಲೆ ಬಾಣ ಕೂರುವ ಪುಟ್ಟ ಅಂಚಿನ) ಮೇಲೆ ಭದ್ರವಾಗಿ ಕೂರುತ್ತದೆ, ಗುರಿಯೂ ಮರೆಯಾಗುವುದಿಲ್ಲ. ಬತ್ತಳಿಕೆಯ ಭಾರ ಜಗ್ಗುವುದೂ ಅದೇ ದಿಕ್ಕಿಗೆ. ಕೈ ಅದಕ್ಕೆ ಒಗ್ಗಿದ ಮೇಲೆ ಬಿಲ್ಲು ಪ್ರತಿ ಸಲವೂ ಒಂದೇ ಓರೆಗೆ ಬಂದು ನಿಲ್ಲುವುದನ್ನು ನಾನು ಅನುಭವದಿಂದ ಬಲ್ಲೆ. ಜೊತೆಗೆ ಮತ್ತೊಂದು ಲಾಭವಿದೆ. ನಾಣು ಬಿಟ್ಟ ಮೇಲೆ ಬಾಣ ಬಿಲ್ಲನ್ನು ಕಳಚಿಕೊಳ್ಳಲು ಸುಮಾರು 15ರಿಂದ 20 ಮಿಲಿಸೆಕೆಂಡು ಬೇಕು. ಆ ಅವಧಿಯಲ್ಲಿ ಭಾರವಾದ ಬಿಲ್ಲು ಹಗುರವಾದ ಬಿಲ್ಲಿಗಿಂತ ಕಡಿಮೆ ಅಲುಗುತ್ತದೆ, ತಿರುಚಿಕೊಳ್ಳಲು ಹೊರಟರೂ ನಿಧಾನವಾಗಿ ತಿರುಚಿಕೊಳ್ಳುತ್ತದೆ. ಬಾಣಕ್ಕೆ ದಾಟದೆ ಬಿಲ್ಲಿನ ತೋಳುಗಳಲ್ಲಿ ಉಳಿದ ಶಕ್ತಿ ಅಂಗೈಗೆ ಬಡಿಯುವ ಪೆಟ್ಟೂ ತಗ್ಗುತ್ತದೆ.

ನಮ್ಮ ಗುಂಪಿನ ಹಿರಿಯರು, ಬೆಳಗಾವಿ ಕಡೆಯವರು, ಎಲ್ಲರಿಗೂ ಕಾಕಾ. ಹಗುರವಾದ ಲಾಂಗ್‌ಬೋ ಅವರ ಮೆಚ್ಚಿನದು. ನನ್ನ ಬತ್ತಳಿಕೆಯನ್ನು ಕಂಡು, "ಬಿಲ್ಲಂದ್ರ ಹಗುರ ಇರಬೇಕಪಾ, ಅದಕ್ಕ ಮತ್ತ್ಯಾಕ ಹೊರಿ ಹೊರಸ್ತಿ?" ಎಂದರು. "ಒಮ್ಮೆ ನಿಮ್ಮ ಬಿಲ್ಲಿಗೇ ಹಚ್ಚಿ ನೋಡ್ರಿ ಕಾಕಾ" ಎಂದು ನಾನು ಮೂರು ಬಾಣ ಹಿಡಿಸುವ ಚಿಕ್ಕದೊಂದನ್ನು ಅವರ ಬಿಲ್ಲಿಗೆ ಪಟ್ಟಿಯಿಂದ ಕಟ್ಟಿಕೊಟ್ಟೆ. ಕೆಲವು ಬಾಣ ಬಿಟ್ಟ ಮೇಲೆ ಅವರು ಮೊದಲು ಮುಟ್ಟಿ ನೋಡಿಕೊಂಡದ್ದು ತಮ್ಮ ಎಡ ಮಣಿಕಟ್ಟನ್ನು: "ಕೈಗೆ ಜುಮ್ ಅನ್ನೂದು ಕಡಿಮಿ ಆತು ನೋಡು." ಹಾಗಿದ್ದರೂ ದೀರ್ಘ ಅಭ್ಯಾಸದಲ್ಲಿ ಕೈ ಸೋಲುತ್ತದೆ ಎಂಬ ಅವರ ಆಕ್ಷೇಪ ಉಳಿಯಿತು, ಅದು ನ್ಯಾಯವಾದದ್ದೇ. ಹಗುರ ಬಿಲ್ಲಿಗೆ ಆರು ಬಾಣದ ಬತ್ತಳಿಕೆಯನ್ನು ನಾನು ಯಾರಿಗೂ ಸೂಚಿಸುವುದಿಲ್ಲ. ಮೂರು, ಹೆಚ್ಚೆಂದರೆ ನಾಲ್ಕು ಸಾಕು.

ಎಲ್ಲಕ್ಕಿಂತ ಸೂಕ್ಷ್ಮವಾದ ವಿಷಯ ತುಂಬಿದ ಬತ್ತಳಿಕೆಗೂ ಬರಿದಾದ ಬತ್ತಳಿಕೆಗೂ ಇರುವ ಅಂತರ. ಒಂದೇ ಜಾಗದಲ್ಲಿ ನಿಂತು ಆರೂ ಬಾಣಗಳನ್ನು ಬಿಟ್ಟರೆ, ಮೊದಲ ಬಾಣಕ್ಕೂ ಕೊನೆಯ ಬಾಣಕ್ಕೂ ನಡುವೆ ಬಿಲ್ಲಿನ ತೂಕ ಹಂತಹಂತವಾಗಿ ಇಳಿಯುತ್ತ, ಅದರ ಓರೆಯೂ ಬದಲಾಗುತ್ತ ಹೋಗುತ್ತದೆ. ತಲೆಯನ್ನು ಅಷ್ಟೇ ವಾಲಿಸದೆ ಬಿಲ್ಲನ್ನು ಮಾತ್ರ ಹೆಚ್ಚು ಬಲಕ್ಕೆ ವಾಲಿಸಿದರೆ ಬಾಣವೂ ಬಲಕ್ಕೆ ಬೀಳುವುದರಿಂದ, ತುಂಬಿದ ಬತ್ತಳಿಕೆಗೆ ಒಗ್ಗಿದ ಕೈ ಬರಿದಾದ ಬತ್ತಳಿಕೆಯಲ್ಲಿ ಎಡಕ್ಕೆ ಎಸೆಯತೊಡಗುತ್ತದೆ. ಇದನ್ನು ಪರೀಕ್ಷಿಸುವುದು ಸುಲಭ. ನೀವು ಸಾಮಾನ್ಯವಾಗಿ ಬಾಣ ಬಿಡುವ ದೂರದಲ್ಲಿ, 15 ಅಥವಾ 20 ಮೀಟರಿನಲ್ಲಿ, ಬತ್ತಳಿಕೆ ತುಂಬಿದ್ದಾಗ ಒಂದು ಗುಂಪು, ಅರ್ಧವಾಗಿದ್ದಾಗ ಒಂದು ಗುಂಪು, ಖಾಲಿಯಾಗಿದ್ದಾಗ ಒಂದು ಗುಂಪು ಬಾಣ ಬಿಟ್ಟು ಪ್ರತಿ ಗುಂಪಿನ ನಡುಬಿಂದು ಎಲ್ಲಿ ಬಿತ್ತೆಂದು ಹೋಲಿಸಿರಿ. ಇದಕ್ಕೆ ಬಿಡುವ ಬಾಣಗಳನ್ನು ಬೇರೆ ಕಡೆಯಿಂದ ತೆಗೆದುಕೊಳ್ಳಬೇಕು, ಇಲ್ಲದಿದ್ದರೆ ಪರೀಕ್ಷೆಯೇ ಕೆಡುತ್ತದೆ. ಗುಡ್ಡದ ನಡಿಗೆಯ ಅಭ್ಯಾಸದಲ್ಲಿ ಈ ತೊಂದರೆ ತಾನಾಗಿಯೇ ಕರಗುತ್ತದೆ: ಒಂದು ಗುರಿಗೆ ಒಂದು ಅಥವಾ ಎರಡು ಬಾಣ ಬಿಡುತ್ತೇವೆ, ನಡೆದುಹೋಗಿ ಕಿತ್ತು ತರುತ್ತೇವೆ, ಒರೆಸಿ ಮತ್ತೆ ಅದೇ ಬಾಯಿಗೆ ಸಿಕ್ಕಿಸುತ್ತೇವೆ. ತೂಕ ಹೆಚ್ಚುಕಡಿಮೆ ಒಂದೇ ಸಮನಾಗಿರುತ್ತದೆ. ಸಾಲಿನಲ್ಲಿ ನಿಂತು ಬಾಣ ಬಿಡುವವರಿಗೆ ಸೊಂಟದ ಬತ್ತಳಿಕೆಯೇ ಮೇಲು ಎಂದು ನಾನು ಎರಡು ಮಾತಿಲ್ಲದೆ ಹೇಳುವುದು ಇದಕ್ಕಾಗಿಯೇ. ಸ್ಪರ್ಧೆಗೆ ಹೋಗುವವರು ನಿಯಮವನ್ನೂ ನೋಡಿಕೊಳ್ಳಬೇಕು. ಅಂತರರಾಷ್ಟ್ರೀಯ ಬಿಲ್ಲುಗಾರಿಕೆ ಸಂಸ್ಥೆಯಾದ ವರ್ಲ್ಡ್ ಆರ್ಚರಿಯ ಬೇರ್‌ಬೋ (ಗುರಿ ಹಿಡಿಯುವ ಸಾಧನವಿಲ್ಲದ ಬಿಲ್ಲಿನ) ವಿಭಾಗದಲ್ಲಿ ನಾಣು ಇಳಿಸಿದ ಬಿಲ್ಲು ಅದರ ಎಲ್ಲ ಜೋಡಣೆಗಳೊಂದಿಗೆ 12.2 ಸೆಂಟಿಮೀಟರ್ ವ್ಯಾಸದ ಬಳೆಯೊಳಗಿಂದ ಹಾದುಹೋಗಬೇಕು. ಮಗ್ಗುಲಿಗೆ ಬಾಣಗಳ ಸಾಲನ್ನು ಹೊತ್ತ ಬಿಲ್ಲು ಅಲ್ಲಿ ಹಾಯುವ ಮಾತೇ ಇಲ್ಲ.

ಕಟ್ಟುವ ಜಾಗದ ಬಗ್ಗೆ ಎಚ್ಚರ ಬೇಕು. ಬಿಲ್ಲಿನ ತೋಳು ಬಾಗತೊಡಗುವುದು ಹಿಡಿಕೆಯಿಂದ ತುಸು ದೂರ ಹೋದ ಮೇಲೆ. ಬತ್ತಳಿಕೆಯ ಹಿಡಿತಗಳು ಹಿಡಿಕೆಗೆ ಹತ್ತಿರದ, ಬಾಗದೆ ಇರುವ ಭಾಗದಲ್ಲಿಯೇ ಕೂರಬೇಕು. ಬಾಗುವ ಭಾಗವನ್ನು ರಬ್ಬರ್ ಬಿಗಿಯಾಗಿ ಹಿಡಿದರೆ ಆ ತೋಳಿನ ಚಲನೆಗೆ ಅಡ್ಡಿಯಾಗಿ ಮೇಲುತೋಳು ಕೆಳತೋಳುಗಳ ಸಮತೋಲ ಕದಡುತ್ತದೆ, ಪ್ರತಿ ಹೊಡೆತಕ್ಕೂ ಒಂದು ಕಿರುಸದ್ದು ಸೇರಿಕೊಳ್ಳುತ್ತದೆ, ಮೆರುಗೂ ಸವೆಯುತ್ತದೆ. ಹಿಡಿತದ ಅಡಿಯಲ್ಲಿ ತೆಳುವಾದ ಚರ್ಮದ ತುಂಡೊಂದನ್ನು ಇಡುವುದು ಒಳ್ಳೆಯದು.

ಸದ್ದಿನ ವಿಷಯದಲ್ಲಿ ರಬ್ಬರಿನ ಬಾಯಿಯ ಅಳತೆಯೇ ನಿರ್ಣಾಯಕ. ಮರದ ಬಾಣಗಳಲ್ಲಿ ಸಾಮಾನ್ಯವಾದ 11/32 ಇಂಚಿನ ಕಡ್ಡಿ ಸುಮಾರು 8.7 ಮಿಲಿಮೀಟರ್ ದಪ್ಪ. ಅದಕ್ಕೆಂದು ಸೀಳಿದ ಬಾಯಿಯಲ್ಲಿ ತೆಳುವಾದ ಕಾರ್ಬನ್ ಬಾಣವನ್ನು ಸಿಕ್ಕಿಸಿದರೆ ಅದು ಸಡಿಲವಾಗಿ ನಿಂತು, ನಾಣು ಬಿಟ್ಟಾಗಲೆಲ್ಲ ಗುಂಯ್‌ಗುಡುತ್ತದೆ. ಬಾಣವನ್ನು ಬೆರಳಿನಿಂದ ಮೀಟಿ ನೋಡಿರಿ: ಸರಿಯಾದ ಹಿಡಿತದಲ್ಲಿ ಅದು ಮಂದವಾಗಿ ಒಮ್ಮೆ ಮಿಡಿದು ಸುಮ್ಮನಾಗುತ್ತದೆ, ಸಡಿಲವಿದ್ದರೆ ನಡುಗುತ್ತಲೇ ಇರುತ್ತದೆ. ಗರಿಗಳು ಒಂದಕ್ಕೊಂದು ತಾಗದಂತೆ ಪಕ್ಕದ ಬಾಣಗಳನ್ನು ಒಂದು ಮೇಲೆ, ಒಂದು ಕೆಳಗೆ ಸಿಕ್ಕಿಸುವುದೂ ಬೇಕು. ಬಾಣ ತೆಗೆಯುವಾಗ ಕಡ್ಡಿಯನ್ನು ಮೊದಲು ಪಕ್ಕಕ್ಕೆ ಎಳೆದು ಬಾಯಿಯಿಂದ ಬಿಡಿಸಿ, ಆಮೇಲೆ ಕೆಳಕ್ಕೆಳೆದು ಮೊನೆಯನ್ನು ಫೋಮಿನಿಂದ ಕಳಚಬೇಕು. ಕಣ್ಣು ಗುರಿಯ ಮೇಲಿರುವಾಗಲೇ ಕೈ ಇದನ್ನು ಮಾಡುವಂತಾಗಲು ಮನೆಯ ಪಡಸಾಲೆಯಲ್ಲಿ ಅಭ್ಯಾಸ ಮಾಡಿದರೂ ಸಾಕು.

ನಮ್ಮ ಭಾಗದಲ್ಲಿ ಇದನ್ನು ಬಳಸುವವರಿಗೆ ದೊಡ್ಡ ಪರೀಕ್ಷೆ ಜೂನ್‌ನಿಂದ ಸೆಪ್ಟೆಂಬರಿನ ಮಳೆ. ಮುಳಶಿಯಲ್ಲಿ ಮಳೆ ಹಿಡಿದರೆ ದಿನಗಟ್ಟಲೆ ಬಿಡುವುದಿಲ್ಲ. ಟೊಪ್ಪಿಗೆ ಮೊನೆಗಳನ್ನು ಕಾಪಾಡುತ್ತದೆಯೇ ಹೊರತು ಗರಿಗಳನ್ನಲ್ಲ, ಮತ್ತು ಗರಿಗಳಿರುವುದು ಕೆಳಗೆ, ಒದ್ದೆ ಹುಲ್ಲಿನ ಎತ್ತರದಲ್ಲಿ. ತಟ್ಟಿನ ಮೇಲಿಂದಲೇ ಬಾಣ ಬಿಡುವ ನಮಗೆ ಪ್ಲಾಸ್ಟಿಕ್ಕಿನ ರೆಕ್ಕೆ ಆಗದು, ತಾಗಿದಲ್ಲಿ ಮಣಿಯುವ ಹಕ್ಕಿಯ ಗರಿಯೇ ಬೇಕು; ಅದು ನೆನೆದರೆ ಕಡ್ಡಿಗೆ ಅಂಟಿಕೊಂಡು ಬಾಣವನ್ನು ನೇರ ಮಾಡುವ ಗುಣವನ್ನೇ ಕಳೆದುಕೊಳ್ಳುತ್ತದೆ. ನಡೆಯುವಾಗ ಬಿಲ್ಲನ್ನು ಎತ್ತಿ ಹಿಡಿಯಬೇಕು, ನಿಂತಾಗ ಅದರ ಕೆಳತುದಿಯನ್ನು ಹುಲ್ಲಿಗೆ ಊರಬಾರದು. ಮನೆಗೆ ಬಂದ ಮೇಲೆ ಬಾಣಗಳನ್ನೆಲ್ಲ ತೆಗೆದು, ಫೋಮನ್ನು ಗಾಳಿಗೆ ಒಣಗಿಸಿ, ರಬ್ಬರಿನ ಬಾಯಿಗಳನ್ನು ಒಂದೊಂದಾಗಿ ಅಗಲಿಸಿ ಬಿರುಕಿದೆಯೇ ನೋಡಬೇಕು. ಬಿರುಕು ಬಿಟ್ಟ ಪಟ್ಟಿಯನ್ನು ಆ ವಾರವೇ ಬದಲಿಸುವುದು ಲೇಸು, ಏಕೆಂದರೆ ಇಳಿಜಾರಿನಲ್ಲಿ ಕಳಚಿ ಬಿದ್ದ ಬಾಣದ ಮೇಲೆ ಕಾಲಿಡುವವರು ಹಿಂದೆ ನಡೆದುಬರುತ್ತಿರುವ ನಮ್ಮ ಜೊತೆಗಾರರೇ ಆಗಿರುತ್ತಾರೆ.