ಸೊಲ್ಲಾಪುರಕ್ಕೆ ಹೊರಡುವವರು ಮೊದಲು ಪಂಚಾಂಗ ನೋಡಿ

ಪಂಢರಪುರಕ್ಕೋ ತುಳಜಾಪುರಕ್ಕೋ ಅಕ್ಕಲಕೋಟೆಗೋ ಹೋಗುವ ನಮ್ಮ ಕಡೆಯ ಜನರಿಗೆ ಸೊಲ್ಲಾಪುರವೆಂದರೆ ಬಸ್ಸು ಬದಲಿಸುವ ಊರು. ನಾನೂ ಹಾಗೆಯೇ ಐದಾರು ಬಾರಿ ಅಲ್ಲಿ ಇಳಿದು, ಚಹಾ ಕುಡಿದು, ಮುಂದಿನ ಬಸ್ಸು ಹತ್ತಿದವನು. ಈ ಬಾರಿ ಊರನ್ನೇ ನೋಡೋಣವೆಂದು ಹೆಂಡತಿಯೊಡನೆ ಮೂರು ರಾತ್ರಿಯ ಮಟ್ಟಿಗೆ ಹೋದೆ. ಹೋದದ್ದು ಸರಿ, ಹೋದ ದಿನಗಳು ಮಾತ್ರ ಸರಿಯಿರಲಿಲ್ಲ. ಜನವರಿಯ ಎರಡನೆಯ ವಾರ ಅಲ್ಲಿ ಸಿದ್ಧೇಶ್ವರನ ಜಾತ್ರೆ, ಅಲ್ಲಿಯವರು ಹೇಳುವಂತೆ ಗಡ್ಡಾ ಯಾತ್ರೆ, ನಡೆಯುತ್ತದೆಂಬುದು ನನಗೆ ಗೊತ್ತಿತ್ತು. ಆ ವಾರ ವಸತಿಗೃಹಗಳ ದರವೂ ಬೇರೆಯಾಗುತ್ತದೆಂಬುದು ಗೊತ್ತಿರಲಿಲ್ಲ.

ಫೋನಿನಲ್ಲಿ ಒಂಬೈನೂರು ರೂಪಾಯಿಗೆ ಒಪ್ಪಿದ್ದ ಕೋಣೆಗೆ, ನಾವು ಚೀಲಗಳೊಡನೆ ಎದುರು ನಿಂತಾಗ, ಎರಡು ಸಾವಿರದ ಇನ್ನೂರು ಕೇಳಿದರು. ರಾತ್ರಿ ಒಂಬತ್ತು ಗಂಟೆ, ಮೂರು ಕಡೆ ವಿಚಾರಿಸಿ ಬಂದಾಗಿತ್ತು, ಕೊಟ್ಟೆವು. ಆ ದುಡ್ಡಿಗೆ ಸಿಕ್ಕಿದ್ದು ಪಕ್ಕದ ಕಟ್ಟಡದ ಗೋಡೆಗೆ ತೆರೆದುಕೊಳ್ಳುವ ಒಂದು ಕಿಟಕಿ, ಬೆಳಗಿನ ಐದರಿಂದ ಆರೂವರೆಯವರೆಗೆ ಮಾತ್ರ ಬರುವ ಬಿಸಿನೀರು, ಮತ್ತು ಮೆಟ್ಟಿಲ ಮೇಲೆ ರಾತ್ರಿಯಿಡೀ ಹತ್ತಿಳಿಯುವವರ ಸದ್ದು. ನಾನು ಹರಕು ಮುರುಕು ಹಿಂದಿಯಲ್ಲಿ ಚೌಕಾಸಿ ಮಾಡಿದ್ದೆ. ಮರುದಿನ ನೀರಿನ ಬಕೆಟ್ಟು ತಂದ ಇಂಡಿ ಕಡೆಯ ಹುಡುಗ, “ನೀವು ಮೊದಲs ಕನ್ನಡದಾಗ ಮಾತಾಡಬೇಕಿತ್ರಿ ಸರ್, ನಮ್ಮ ಮಾಲಕ್ರೂ ಕನ್ನಡದವ್ರs ಅದಾರ್ರಿ” ಎಂದ. ದರ ಇಳಿಯುತ್ತಿತ್ತೋ ಇಲ್ಲವೋ, ಕನಿಷ್ಠ ಜಗಳವನ್ನಾದರೂ ನೆಟ್ಟಗೆ ಆಡಬಹುದಿತ್ತು. ಆದುದರಿಂದ ಸಂಕ್ರಾಂತಿಯ ಆಸುಪಾಸಿನಲ್ಲಿ ಹೋಗುವವರು ಮುಂಗಡ ಕೊಟ್ಟು, ಒಪ್ಪಿದ ದರವನ್ನು ಸಂದೇಶದಲ್ಲಿ ಬರೆಸಿಕೊಳ್ಳಬೇಕು. ಇಲ್ಲವೇ ನೂರು ಕಿಲೋಮೀಟರಿನಷ್ಟು ದೂರದ ವಿಜಯಪುರದಲ್ಲಿ ಉಳಿದು, ಬೆಳಗಿನ ಮೊದಲ ಬಸ್ಸಿಗೆ ಧೂಳಖೇಡದಲ್ಲಿ ಭೀಮೆಯನ್ನು ದಾಟಿ ಹೋಗಿ, ಸಂಜೆಗೆ ಮರಳಬೇಕು.

ಸಿದ್ಧೇಶ್ವರ ದೇವಾಲಯವು ಕೆರೆಯ ನಡುವೆ ಇದೆ. ಹನ್ನೆರಡನೆಯ ಶತಮಾನದಲ್ಲಿ ಈ ಊರು ಸೊನ್ನಲಿಗೆ. ಇಲ್ಲಿ ಜನರನ್ನು ಕೂಡಿಸಿಕೊಂಡು ಕೆರೆ ತೋಡಿಸುತ್ತಿದ್ದ ಸಿದ್ಧರಾಮನನ್ನು, ಅಂದರೆ ಈ ಸಿದ್ಧೇಶ್ವರನನ್ನೇ, ಅಲ್ಲಮಪ್ರಭು ಬಂದು ‘ವಡ್ಡರಾಮ’ನೆಂದು ಛೇಡಿಸಿದ ಕಥೆಯನ್ನು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಆ ಕಥೆಯ ಕೆರೆಯ ದಂಡೆಯ ಮೇಲೆ ನಿಂತು ಕಡಲೆಕಾಯಿ ತಿನ್ನುವಾಗ, ‘ಕಪಿಲಸಿದ್ಧ ಮಲ್ಲಿಕಾರ್ಜುನಾ’ ಎಂಬ ಅಂಕಿತ ಈ ನೆಲದ್ದೇ ಎಂಬುದು ನನಗೆ ಮೊದಲ ಬಾರಿಗೆ ಮನಸ್ಸಿಗೆ ಇಳಿಯಿತು. ಅಂಗಳದಲ್ಲಿ ಸಿದ್ಧರಾಮನ ಸಮಾಧಿಯಿದೆ. ಬೆಳಿಗ್ಗೆ ಆರಕ್ಕೆ ಹೋದರೆ ಅಲ್ಲಿ ಸುಮ್ಮನೆ ಕೂರುವಷ್ಟು ಜಾಗ ಸಿಗುತ್ತದೆ, ಹತ್ತರ ಮೇಲೆ ಇಲ್ಲ.

ಜಾತ್ರೆಯ ಕಥೆ ಹೀಗಿದೆ. ಕುಂಬಾರರ ಹುಡುಗಿಯೊಬ್ಬಳು ಸಿದ್ಧರಾಮನನ್ನೇ ಮದುವೆಯಾಗುತ್ತೇನೆಂದು ಹಟ ಹಿಡಿದಾಗ, ಆತ ತನ್ನ ಯೋಗದಂಡವನ್ನು ವರಿಸಲು ಒಪ್ಪಿದನಂತೆ. ಆ ಮದುವೆಯೇ ಇಂದಿಗೂ ಪ್ರತಿವರ್ಷ ನಡೆಯುತ್ತದೆ: ಒಂದು ದಿನ ಊರ ಸುತ್ತಲಿನ 68 ಲಿಂಗಗಳಿಗೆ ಎಣ್ಣೆಯ ಮಜ್ಜನ, ಬಳಿಕ ಸಮ್ಮತಿ ಕಟ್ಟೆಯಲ್ಲಿ ಅಕ್ಷತೆ, ಆಮೇಲೆ ಹೋಮ ಮೈದಾನದಲ್ಲಿ ಹೋಮ, ಕೊನೆಗೆ ಮದ್ದುಸುಡುವುದು. ಏಳು ನಂದಿಧ್ವಜಗಳನ್ನು, ಅಂದರೆ ಅಲಂಕರಿಸಿದ ಬಲು ಎತ್ತರದ ಕಂಬಗಳನ್ನು, ಬಿಳಿಯ ಬಟ್ಟೆಯುಟ್ಟ ತರುಣರು ಸರದಿಯಂತೆ ಹೊತ್ತು ನಡೆಯುತ್ತಾರೆ. ಮರಾಠಿ ಪತ್ರಿಕೆಗಳಲ್ಲಿ ಆ ಮೊದಲ ದಿನದ ಹೆಸರು ‘ಯಣ್ಣೀಮಜ್ಜನ’ ಎಂದೇ ಅಚ್ಚಾಗಿತ್ತು. ಅನುವಾದಿಸಲು ಯಾರಿಗೂ ಮನಸ್ಸಾಗಿಲ್ಲ. ನನಗೆ ಜನಜಂಗುಳಿ ಆಗುವುದಿಲ್ಲ. ಅಕ್ಷತೆಯ ದಿನ ಓಣಿಯ ತುದಿಯವರೆಗೆ ಹೋಗಿ ಹಿಂದಿರುಗಿದೆವು. ಮಕ್ಕಳನ್ನು, ಮೊಣಕಾಲು ನೋವಿನವರನ್ನು ಆ ದಿನ ಅಲ್ಲಿಗೆ ಕರೆದೊಯ್ಯಬಾರದೆಂದು ಖಂಡಿತವಾಗಿ ಹೇಳುತ್ತೇನೆ. ಎಣ್ಣೆಮಜ್ಜನದ ದಿನ ಬೆಳಿಗ್ಗೆ ಯಾವುದಾದರೂ ಸಣ್ಣ ಲಿಂಗದ ಗುಡಿಯ ಬಳಿ ನಿಂತರೆ ಧ್ವಜಗಳೇ ನಿಮ್ಮೆದುರಿಗೆ ಬರುತ್ತವೆ.

ಕೆರೆಗೆ ಅಂಟಿಕೊಂಡೇ ಭುಯಿಕೋಟ್ ಕಿಲ್ಲೆ, ಬಹಮನಿಗಳ ಕಾಲದ ನೆಲಕೋಟೆ. ಅಹಮದನಗರದ ಹುಸೇನ ನಿಜಾಮಶಾಹನು ಮಗಳು ಚಾಂದಬೀಬಿಯನ್ನು ವಿಜಯಪುರದ ಅಲಿ ಆದಿಲಶಾಹನಿಗೆ ಕೊಟ್ಟಾಗ ಬಳುವಳಿಯಾಗಿ ಕೊಟ್ಟದ್ದು ಈ ಕೋಟೆಯನ್ನೇ. ಆ ನೆಂಟಸ್ತಿಕೆ ಕುದುರಿದ ಮೇಲೆಯೇ 1565ರ ತಾಳಿಕೋಟೆಯ ಯುದ್ಧ ನಡೆದು ವಿಜಯನಗರ ಬಿತ್ತು. ಹಂಪಿಯನ್ನು ನೋಡಿ ನಿಟ್ಟುಸಿರುಬಿಡುವವರು ಒಮ್ಮೆ ಈ ಬಳುವಳಿಯನ್ನೂ ನೋಡಬೇಕು. 1818ರಲ್ಲಿ ಪೇಶ್ವೆಯ ದಂಡಿನಿಂದ ಇದನ್ನು ಕಸಿದವನು, ಬಳ್ಳಾರಿಯವರಿಗೆ ಚೆನ್ನಾಗಿ ಪರಿಚಯವಿರುವ ಥಾಮಸ್ ಮನ್ರೋ. ಒಳಗೆ ಉತ್ಖನನದಲ್ಲಿ ಸಿಕ್ಕ ಹಳೆಯ ಗುಡಿಯೊಂದರ ಕೆತ್ತನೆಯ ಕಂಬಗಳಿವೆ; ಜೋಡಿಗಳು ಕೂರುವ ಉದ್ಯಾನವನ್ನು ದಾಟಿ ಹೋಗಬೇಕಾದುದರಿಂದ ಬಹಳ ಮಂದಿ ಅಲ್ಲಿಯವರೆಗೆ ಹೋಗುವುದೇ ಇಲ್ಲ.

ನಾಲ್ವರು ಹುತಾತ್ಮರ ಪುತ್ಥಳಿಗಳಿಗೆ ನಾವು ಹೋದಾಗ ಹಾರಗಳು ಇನ್ನೂ ಬಾಡಿರಲಿಲ್ಲ. 1930ರ ಮೇ ತಿಂಗಳಿನಲ್ಲಿ ಬ್ರಿಟಿಷರು ಈ ಊರಿನ ಮೇಲೆ ಸೈನಿಕ ಕಾನೂನು ಹೇರಿದರು. ಮಲ್ಲಪ್ಪ ಧನಶೆಟ್ಟಿ, ಕುರ್ಬಾನ್ ಹುಸೇನ್, ಶ್ರೀಕೃಷ್ಣ ಸಾರಡಾ, ಜಗನ್ನಾಥ ಶಿಂದೆ ಇವರನ್ನು 1931ರ ಜನವರಿ 12ರಂದು ಯೆರವಡಾ ಜೈಲಿನಲ್ಲಿ ಗಲ್ಲಿಗೇರಿಸಿದರು. ನಗರಪಾಲಿಕೆಯ ಕಟ್ಟಡವಾದ ಇಂದ್ರಭವನವನ್ನು ಹೊರಗಿನಿಂದ ನೋಡಿದರೆ ಸಾಕು. ಚೀನಾಕ್ಕೆ 1938ರಲ್ಲಿ ಗಾಯಾಳುಗಳ ಸೇವೆಗೆ ಹೋಗಿ 1942ರಲ್ಲಿ ಅಲ್ಲಿಯೇ ತೀರಿಕೊಂಡ ಡಾ. ದ್ವಾರಕಾನಾಥ ಕೋಟ್ನೀಸರ ಹುಟ್ಟೂರು ಇದು. ಅವರ ಸ್ಮಾರಕಕ್ಕೆ ಅರ್ಧ ಗಂಟೆ ಇಟ್ಟುಕೊಳ್ಳಿ.

ಭೀಮಾ ಮತ್ತು ಸೀನಾ ನದಿಗಳು ಕೂಡುವ ಹತ್ತರಸಂಗ ಕೂಡಲಕ್ಕೆ ಹೋದ ದಿನ ಕೆಟ್ಟದ್ದೂ ಒಳ್ಳೆಯದೂ ಒಟ್ಟಿಗೆ ಆಯಿತು. 359 ಮುಖಗಳನ್ನು ಕೆತ್ತಿದ ಒಂದೇ ಲಿಂಗ ಅಲ್ಲಿದೆ, ಶಕ 940ರ, ಅಂದರೆ ಕ್ರಿ.ಶ. 1018ರ, ಮರಾಠಿ ಶಾಸನವಿದೆ, ಮತ್ತು ನಾವಿಬ್ಬರನ್ನು ಬಿಟ್ಟರೆ ಬಟ್ಟೆ ಒಗೆಯುವ ನಾಲ್ಕು ಹೆಂಗಸರಿದ್ದರು. ನಾಲ್ಕೂವರೆಗೆ ಬರುತ್ತದೆಂದ ಮರಳುವ ಬಸ್ಸು ಬರಲೇ ಇಲ್ಲ. ಬಸ್ಸುಗಳನ್ನೆಲ್ಲ ಜಾತ್ರೆಗೆ ಹಾಕಿದ್ದಾರೆಂದು ಆರು ಗಂಟೆಗೆ ಯಾರೋ ಹೇಳಿದರು. ಹೆದ್ದಾರಿಯವರೆಗೆ ಬಿಡಲು ಟಂಟಂನವನು ಎಂಟುನೂರು ಕೇಳಿ ಐದುನೂರಕ್ಕೆ ಒಪ್ಪಿದ. ಕೂಡಲಕ್ಕೆ ಹೋಗುವವರು ಸೊಲ್ಲಾಪುರದಿಂದಲೇ ಹೋಗಿಬರುವ ಬಾಡಿಗೆ ಮಾತಾಡಿಕೊಂಡು, ಗಾಡಿಯನ್ನು ಅಲ್ಲಿ ಕಾಯಿಸಿಕೊಳ್ಳಬೇಕು.

ಚಾದರದ ವಿಷಯದಲ್ಲಿಯೂ ಮೋಸಹೋದೆ. ಜಾತ್ರೆಯ ಅಂಗಡಿಯಲ್ಲಿ ಕೊಂಡದ್ದು ಮೊದಲ ಒಗೆತಕ್ಕೇ ಬಣ್ಣ ಬಿಟ್ಟು ಹೆಂಡತಿಯ ಎರಡು ರವಿಕೆಗಳನ್ನು ಕೆಡಿಸಿತು. ಸೊಲ್ಲಾಪುರದ ಅಸಲು ಚಾದರ ಹತ್ತಿಯದು, ಕೈಗೆ ಭಾರವಾಗಿರುತ್ತದೆ, ಮಗುಚಿದರೆ ಚಿತ್ತಾರ ಹಿಂಬದಿಯಲ್ಲಿಯೂ ಕಾಣುತ್ತದೆ. ಅದಕ್ಕೆ ಜಿಐ, ಅಂದರೆ ಭೌಗೋಳಿಕ ಗುರುತಿನ, ಮಾನ್ಯತೆಯೂ ಇದೆ. ಮಗ್ಗದವರು ಹೆಚ್ಚಾಗಿ ತೆಲುಗು ಮನೆಮಾತಿನ ಪದ್ಮಶಾಲಿಗಳು. ಅವರ ಪೇಟೆಯ ಖಾಯಂ ಅಂಗಡಿಗಳಲ್ಲಿಯೇ ಕೊಳ್ಳಬೇಕು.

ಇಷ್ಟೆಲ್ಲ ಬೈದ ಮೇಲೆಯೂ ನಾನು ಮತ್ತೆ ಹೋಗುವುದಿದ್ದರೆ ಅದು ಬಾಳಿವೇಸದ ಒಂದು ಓಣಿಯ ಖಾನಾವಳಿಗಾಗಿ. ಬೋರ್ಡಿಲ್ಲ, ಆರು ಮಣೆಗಳು, ಒಳಗೆ ರೊಟ್ಟಿ ಬಡಿಯುವ ಸಪ್ಪಳ. ಅರವತ್ತು ದಾಟಿದ ಆ ತಾಯಿ ಬಾಗಿಲಲ್ಲಿ ನಿಂತ ನಮ್ಮ ಮುಖ ನೋಡಿಯೇ “ಬರ್ರಿ, ಕೈಕಾಲ ತೊಳಕೋರಿ” ಎಂದರು. ನೂರ ಇಪ್ಪತ್ತು ರೂಪಾಯಿಗೆ ಬಿಸಿ ಜೋಳದ ರೊಟ್ಟಿ ಬೇಕೆನ್ನುವಷ್ಟು, ಎಣ್ಣೆಗಾಯಿ, ಝುಣಕ, ಪುಂಡಿಪಲ್ಯ, ಹಸಿ ಮೆಂತೆ, ಮಜ್ಜಿಗೆ. ಮೇಲೆ ಶೇಂಗಾ ಚಟ್ನಿ. ಆ ಚಟ್ನಿಯನ್ನು ಮಿಕ್ಸರಿಗೆ ಹಾಕುವುದಿಲ್ಲ, ಬೆಳ್ಳುಳ್ಳಿ, ಜೀರಿಗೆ, ಕೆಂಪು ಖಾರದೊಡನೆ ಒರಳಿನಲ್ಲಿ ಕುಟ್ಟುತ್ತಾರೆ. ಶೇಂಗಾದ ಎಣ್ಣೆಯೇ ಬಿಟ್ಟು ಹಿಡಿದರೆ ಉಂಡೆಯಾಗುವಂತಿರುತ್ತದೆ. ನನ್ನ ಹೆಂಡತಿ ಯಾರ ಅಡುಗೆಯನ್ನೂ ಸುಲಭಕ್ಕೆ ಹೊಗಳುವವಳಲ್ಲ, ಅವಳೇ ಐದನೆಯ ರೊಟ್ಟಿಗೆ ತಟ್ಟೆ ಚಾಚಿದಳು. “ಇನ್ನೊಂದ್ ಹಾಕ್ಲೇನವ್ವಾ, ಹಗಲೆಲ್ಲಾ ತಿರುಗಾಡೀರಿ” ಎನ್ನುತ್ತಾ ಅವರು ಉತ್ತರಕ್ಕೆ ಕಾಯದೆ ಹಾಕಿದರು. ಎರಡನೆಯ ದಿನವೂ ಮೂರನೆಯ ದಿನವೂ ಅಲ್ಲಿಯೇ ಉಂಡೆವು. ಮಲ್ಲಿಕಾರ್ಜುನ ಗುಡಿಯ ಬಳಿ ರೊಟ್ಟಿಯ ಖಾನಾವಳಿ ಎಲ್ಲಿ ಎಂದು ಕನ್ನಡದಲ್ಲಿಯೇ ಕೇಳಿ, ಯಾರಾದರೂ ತೋರಿಸುತ್ತಾರೆ. ಕಟಕ ರೊಟ್ಟಿಯನ್ನೂ ಚಟ್ನಿಯನ್ನೂ ಕಟ್ಟಿಕೊಡುತ್ತಾರೆ, ಹಿಂದಿನ ದಿನವೇ ಹೇಳಿರಬೇಕು. ಸೋಮವಾರ ಗೋಧಿ ಹುಗ್ಗಿ ಮಾಡುತ್ತಾರೆ. ಒಂದೂವರೆಯ ಒಳಗೆ ಹೋಗದಿದ್ದರೆ ಅದು ಸಿಗುವುದಿಲ್ಲ.