ಕ್ಷೇತ್ರರೇಖೆಯಲ್ಲಿ ಒಂದು ಕೊಂಕು

ವೇಗ ಬದಲಾಗುವ ವಿದ್ಯುದಾವೇಶ ವಿಕಿರಣ ಹೊರಸೂಸುತ್ತದೆ ಎಂದು ಬಾಯಿಪಾಠ ಮಾಡುವ ಬದಲು ಒಮ್ಮೆ ಕಾಗದದ ಮೇಲೆ ಬಿಡಿಸಿ ನೋಡಬೇಕು. ಜೆ. ಜೆ. ಥಾಮ್ಸನ್ ಹಾಕಿಕೊಟ್ಟ ದಾರಿ ಇದು. ಬೇಕಾದ್ದು ಎ3 ಹಾಳೆ, ಕೈವಾರ, ಸ್ಕೇಲು, ಕೋನಮಾಪಕ.

ಬೆಳಕು ಒಂದು ಗಳಿಗೆಗೆ 1 ಸೆಂ.ಮೀ. ಸಾಗುತ್ತದೆ ಎಂದಿಟ್ಟುಕೊಳ್ಳಿ. ಮೂಲಬಿಂದುವಿನಲ್ಲಿ ಸುಮ್ಮನಿದ್ದ ಆವೇಶ ಮೊದಲ ಗಳಿಗೆಯಲ್ಲಿ ಒಂದೇ ಸಮನೆ ವೇಗ ಏರಿಸಿಕೊಂಡು ಬೆಳಕಿನ ವೇಗದ ಐದನೇ ಒಂದು ಭಾಗ ಮುಟ್ಟುತ್ತದೆ. ಆಮೇಲೆ ಅದೇ ವೇಗದಲ್ಲಿ ಬಲಕ್ಕೆ ಹೋಗುತ್ತಿರುತ್ತದೆ. ಹತ್ತು ಗಳಿಗೆ ಮುಗಿದಾಗ ಅದು ಮೂಲದಿಂದ 1.9 ಸೆಂ.ಮೀ. ದೂರದಲ್ಲಿರುತ್ತದೆ: ವೇಗ ಏರುವಾಗ 0.1, ಉಳಿದ ಒಂಬತ್ತು ಗಳಿಗೆಯಲ್ಲಿ 1.8.

ಮೂಲವನ್ನು ಕೇಂದ್ರವಾಗಿಟ್ಟು 10 ಸೆಂ.ಮೀ. ತ್ರಿಜ್ಯದ ವೃತ್ತ ಎಳೆಯಿರಿ. ಆವೇಶ ಕದಲಿದ ಸುದ್ದಿ ಅದರಾಚೆಗೆ ಇನ್ನೂ ತಲುಪಿಲ್ಲ, ಹಾಗಾಗಿ ಅಲ್ಲಿನ ಕ್ಷೇತ್ರರೇಖೆಗಳು (ಆವೇಶದ ವಿದ್ಯುತ್ ಕ್ಷೇತ್ರದ ದಿಕ್ಕು ತೋರುವ ಗೆರೆಗಳು) ಮೂಲದಿಂದಲೇ ಹೊರಟಂತಿರುತ್ತವೆ. ಮೂಲದಿಂದ 0.1 ಸೆಂ.ಮೀ. ಬಲಕ್ಕೆ ಮುಳ್ಳೂರಿ 9 ಸೆಂ.ಮೀ. ತ್ರಿಜ್ಯದ ಒಳವೃತ್ತ ಎಳೆಯಿರಿ. ಅದರೊಳಗಿನ ರೇಖೆಗಳನ್ನು ಆವೇಶ *ಈಗ* ಇರುವ 1.9ರ ಬಿಂದುವಿನಿಂದ ಎಳೆಯಬೇಕು. ಹೆಚ್ಚಿನವರು ಎಡವುವುದು ಇಲ್ಲೇ. ಸುದ್ದಿ ತಡವಾಗಿ ತಲುಪುವುದರಿಂದ ರೇಖೆಯೂ ಹಳೆಯ ಜಾಗವನ್ನೇ ತೋರಬೇಕೆಂದು ಅವರಿಗೆ ಅನ್ನಿಸುತ್ತದೆ. ಆದರೆ ಸಮವೇಗದ ಆವೇಶದ ಕ್ಷೇತ್ರ ಅದರ ಈಗಿನ ಜಾಗದಿಂದಲೇ ಹರಡಿರುತ್ತದೆ. ಇದನ್ನು ಮರೆತರೆ ಚಿತ್ರದಲ್ಲಿ ಕೊಂಕೇ ಬರುವುದಿಲ್ಲ.

30 ಡಿಗ್ರಿಗೊಂದರಂತೆ ಒಳಗೂ ಹೊರಗೂ ರೇಖೆ ಎಳೆದು, ಒಂದೇ ಕೋನದವನ್ನು ನಡುವಿನ 1 ಸೆಂ.ಮೀ. ಪಟ್ಟಿಯಲ್ಲಿ ಜೋಡಿಸಿ. ಚಲನೆಯ ದಿಕ್ಕಿನ ರೇಖೆ ನೇರವಾಗಿಯೇ ಉಳಿಯುತ್ತದೆ. ಅದಕ್ಕೆ ಲಂಬವಾದದ್ದು ಪಟ್ಟಿಯೊಳಗೆ ಸುಮಾರು 1.9 ಸೆಂ.ಮೀ. ಅಡ್ಡ ಜರುಗುತ್ತದೆ. ಇದೇ ಕೊಂಕು. ಅಲ್ಲಿನ ಅಡ್ಡ ಕ್ಷೇತ್ರವೇ ವಿಕಿರಣ.

ಈಗ 20 ಗಳಿಗೆಯ ಚಿತ್ರ ಬಿಡಿಸಿ. ಮೇಲಿನ ಅರ್ಧ ಸಾಕು, ಹಾಳೆಯಲ್ಲಿ ಹಿಡಿಸುತ್ತದೆ. ಪಟ್ಟಿಯ ಅಗಲ ಅದೇ 1 ಸೆಂ.ಮೀ., ಜರುಗಿದ್ದು ಮಾತ್ರ 3.9. ದೂರ ಎರಡರಷ್ಟಾದಾಗ ಕೊಂಕೂ, ಅಂದರೆ ನೇರ ಕ್ಷೇತ್ರಕ್ಕೆ ಹೋಲಿಸಿದರೆ ಅಡ್ಡ ಕ್ಷೇತ್ರದ ಪಾಲೂ, ಹೆಚ್ಚುಕಡಿಮೆ ಎರಡರಷ್ಟಾಯಿತು. ನೇರ ಕ್ಷೇತ್ರ ದೂರದ ವರ್ಗಕ್ಕೆ ತಕ್ಕಂತೆ ಕುಗ್ಗಿದರೆ, ಅಡ್ಡ ಕ್ಷೇತ್ರ ಬರೀ ದೂರಕ್ಕೆ ತಕ್ಕಂತೆ ಕುಗ್ಗುತ್ತದೆ. ದೂರದ ನಕ್ಷತ್ರದ ಬೆಳಕು ನಮ್ಮ ಕಣ್ಣಿಗೆ ಬೀಳುವುದು ಇದರಿಂದಲೇ.

ಹೀಗೆ ಸೆಕೆಂಡಿಗೆ ಒಟ್ಟು ಎಷ್ಟು ಶಕ್ತಿ ಹೊರಹೋಗುತ್ತದೆಂಬ ಲೆಕ್ಕವನ್ನು ಭೌತವಿಜ್ಞಾನಿ ಲಾರ್ಮರ್ 1897ರಲ್ಲಿ ಕೊಟ್ಟರು. ಒಂದು ಎಲೆಕ್ಟ್ರಾನಿಗೆ, ವೇಗೋತ್ಕರ್ಷದ ವರ್ಗವನ್ನು 5.7×10⁻⁵⁴ರಿಂದ ಗುಣಿಸಿದರೆ ವ್ಯಾಟ್‌ನಲ್ಲಿ ಉತ್ತರ ಸಿಗುತ್ತದೆ. ಈ ಸೂತ್ರ *ಒಂದೇ* ಆವೇಶಕ್ಕೆ. ಎಲೆಕ್ಟ್ರಾನುಗಳ ಸಂಖ್ಯೆಯಿಂದ ಕಣ್ಣುಮುಚ್ಚಿ ಗುಣಿಸಿದರೆ ಕೆಟ್ಟಿತು. ಮೊದಲು ಕ್ಷೇತ್ರಗಳನ್ನು ಕೂಡಿಸಬೇಕು, ಆಮೇಲೆ ವರ್ಗ ಮಾಡಬೇಕು.

ಬಳೆಯಾಕಾರದ ತಂತಿಯಲ್ಲಿ ಸ್ಥಿರ ವಿದ್ಯುತ್ ಹರಿಯುವಾಗ ಪ್ರತಿ ಎಲೆಕ್ಟ್ರಾನೂ ತಿರುಗುತ್ತಲೇ (ಎಂದರೆ ವೇಗದ ದಿಕ್ಕು ಬದಲಿಸುತ್ತಲೇ) ಇರುತ್ತದೆ, ಆದರೂ ತಂತಿ ವಿಕಿರಣ ಸೂಸುವುದಿಲ್ಲ. ಸುತ್ತಲೂ ಸಮನಾಗಿ ಹರಡಿರುವ ಆವೇಶಗಳ ಕೊಂಕುಗಳು ಒಂದನ್ನೊಂದು ಅಳಿಸಿಹಾಕುತ್ತವೆ. ಎಲೆಕ್ಟ್ರಾನುಗಳನ್ನು ಭಾರೀ ವೇಗದಲ್ಲಿ ಬಳೆಯಾಕಾರದಲ್ಲಿ ಓಡಿಸುವ ಯಂತ್ರವಾದ ಸಿಂಕ್ರೊಟ್ರಾನ್‌ನಲ್ಲಿ ಹಾಗಲ್ಲ: ಎಲೆಕ್ಟ್ರಾನುಗಳು ಗುಂಪುಗುಂಪಾಗಿ ಓಡುತ್ತವೆ, ಎಕ್ಸ್-ಕಿರಣದ ತರಂಗದೂರದ ಲೆಕ್ಕದಲ್ಲಿ ಒಂದಕ್ಕೂ ಇನ್ನೊಂದಕ್ಕೂ ತಾಳಮೇಳವಿಲ್ಲ, ಹಾಗಾಗಿ ಶಕ್ತಿ ಎಲೆಕ್ಟ್ರಾನುಗಳ ಸಂಖ್ಯೆಗೆ ತಕ್ಕಷ್ಟು. ಇಡೀ ಗುಂಪು ತರಂಗದೂರಕ್ಕಿಂತ ಚಿಕ್ಕದಾಗಿದ್ದರೆ ಎಲ್ಲವೂ ಒಟ್ಟಿಗೆ ದನಿಗೂಡಿಸಿ ಶಕ್ತಿ ಸಂಖ್ಯೆಯ ವರ್ಗಕ್ಕೆ ಏರುತ್ತದೆ.

ಆಂಟೆನಾದಲ್ಲೂ ಇದೇ ಕೂಡಿಸುವ-ಅಳಿಸುವ ಲೆಕ್ಕ. ಪಕ್ಕಪಕ್ಕದ ಎರಡು ತಂತಿಗಳಲ್ಲಿ ವಿದ್ಯುತ್ ಎದುರುಬದುರು ಹರಿದರೆ ವಿಕಿರಣ ಅಳಿಸಿಹೋಗುತ್ತದೆ. ತುದಿಗಳನ್ನು ಆಚೀಚೆ ಬಿಡಿಸಿದರೆ ಡೈಪೋಲ್ ಆಯಿತು. 100 ಮೆಗಾಹರ್ಟ್ಸ್‌ಗೆ ತರಂಗದೂರ 3 ಮೀಟರ್. ಒಂದೊಂದು ತೋಳು 75 ಸೆಂ.ಮೀ. ಇರಬೇಕೆನಿಸಿದರೂ ಸುಮಾರು 71ಕ್ಕೆ ಕತ್ತರಿಸಬೇಕಾಗುತ್ತದೆ. ತೋಳಿನ ನೇರಕ್ಕೆ ಸಿಗ್ನಲ್ ಸಿಗದು. ಚಿತ್ರದಲ್ಲಿ ಕೊಂಕಿಲ್ಲದೆ ಉಳಿದ ರೇಖೆ ಅದೇ. ಕೋಆಕ್ಸಿಯಲ್ ಕೇಬಲ್ಲನ್ನು (ನಡುತಂತಿಯ ಸುತ್ತ ಲೋಹದ ಹೊರಕವಚವಿರುವ ಕೇಬಲ್) ಡೈಪೋಲ್‌ಗೆ ನೇರವಾಗಿ ಜೋಡಿಸಿದರೆ ಹೊರಕವಚದ ಹೊರಮೈಯಲ್ಲೂ ವಿದ್ಯುತ್ ಹರಿದು ಕೇಬಲ್ಲೇ ಆಂಟೆನಾ ಆಗಿಬಿಡುತ್ತದೆ. ಕೇಬಲ್ ಮುಟ್ಟಿದಾಗ ಎಸ್‌ಡಬ್ಲ್ಯೂಆರ್ ಮೀಟರಿನ (ಆಂಟೆನಾದಿಂದ ಸಿಗ್ನಲ್ ಎಷ್ಟು ಹಿಂದಿರುಗುತ್ತದೆಂದು ತೋರುವ ಉಪಕರಣ) ಮುಳ್ಳು ಅಲುಗಿದರೆ ಇದೇ ಕಾಯಿಲೆ. ಜೋಡಣೆಯ ಜಾಗದಲ್ಲಿ ಹೊರಮೈಯ ವಿದ್ಯುತ್ತನ್ನು ತಡೆಯುವ 1:1 ಬಾಲನ್ ಹಾಕಿ, ಇಲ್ಲವೇ ಅಲ್ಲೇ ಕೇಬಲ್ಲಿಗೆ ಫೆರೈಟ್ ಉಂಗುರಗಳನ್ನು ತೊಡಿಸಿ.